ಶೆಟ್ಟರ ದವಡೆಗೆ ಬಂದ ಜಿರ್ಕೋನಿಯಾ

ತಿಪಟೂರಿನ ಕೊಬ್ಬರಿಗೂ ನಮ್ಮ ಶೆಟ್ಟರ ಬಲಗಡೆಯ ದವಡೆ ಹಲ್ಲಿಗೂ ನಡೆದ ಹೋರಾಟದಲ್ಲಿ ಕೊಬ್ಬರಿ ಗೆದ್ದಿತೆಂಬ ಸುದ್ದಿಯು, ಅಮಾನಿಕೆರೆಯ ಸುತ್ತ ಬೆಳಗಿನ ನಡಿಗೆಗೆ ಬರುವ ನಮ್ಮ ಗುಂಪಿಗೆ ತಲುಪುವ ಹೊತ್ತಿಗೆ, ಶೆಟ್ಟರು ರೂಟ್ ಕೆನಾಲ್ ಮುಗಿಸಿಕೊಂಡು ಕ್ಯಾಪ್ ಹಾಕಿಸುವ ಹಂತಕ್ಕೆ ಬಂದಿದ್ದರು. ಕೊಬ್ಬರಿ ವ್ಯಾಪಾರದಲ್ಲಿಯೇ ತಲೆ ನರೆಸಿದವರ ಹಲ್ಲು ಕೊಬ್ಬರಿಯಿಂದಲೇ ಮುರಿದದ್ದಕ್ಕೆ ಯಾರೂ ನಗಬಾರದೆಂದು ನಾವು ನಿಶ್ಚಯಿಸಿದ್ದೆವು. ಆ ನಿಶ್ಚಯವು ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಹೋಟೆಲಿನವರೆಗೂ ಬಾಳಲಿಲ್ಲ. ಕಡಲೆ ಮತ್ತು ಹಲ್ಲಿನ ಗಾದೆಯನ್ನು ಯಾರು ಮೊದಲು ಹೇಳುವರೋ ಅವರೇ ಎಲ್ಲರ ಕಾಫಿಯ ದುಡ್ಡು ಕೊಡಬೇಕೆಂದು ಮೇಷ್ಟ್ರು ಕುಳಿತ ಕೂಡಲೇ ಕಟ್ಟುಪಾಡು ಮಾಡಿದ್ದರಿಂದ, ಎಲ್ಲರೂ ನಾಲಿಗೆಯ ತುದಿಗೆ ಬಂದದ್ದನ್ನು ಇಡ್ಲಿಯ ಜೊತೆಗೇ ನುಂಗಿ ನೇರವಾಗಿ ವಿಷಯಕ್ಕೆ ಬಂದರು.

ಶೆಟ್ಟರು ಜೇಬಿನಿಂದ ಡಾಕ್ಟರಮ್ಮ ಬರೆದುಕೊಟ್ಟ ಚೀಟಿಯನ್ನು ತೆಗೆದು ಮೇಜಿನ ಮೇಲೆ ಹರಡಿದರು. ಬರೀ ಲೋಹದ ಕ್ಯಾಪ್, ಲೋಹದ ಮೇಲೆ ಪಿಂಗಾಣಿ ಹೊದಿಸಿದ ಕ್ಯಾಪ್, ಜಿರ್ಕೋನಿಯಾ ಕ್ಯಾಪ್ ಎಂದು ಮೂರು ಸಾಲುಗಳಿದ್ದವು. ಕೆಳಗಿಳಿದಂತೆ ಬೆಲೆ ಏರುತ್ತಿತ್ತು, ಕೊನೆಯ ಸಾಲಿನ ಪಕ್ಕದಲ್ಲಿ ಹದಿನೈದು ವರ್ಷಗಳ ವಾರಂಟಿ ಎಂದು ಬರೆದಿತ್ತು.

“ಈ ಲೆಕ್ಕದಲ್ಲಿ ನನ್ನ ಎಂಬತ್ತೇಳನೆಯ ವಯಸ್ಸಿಗೆ ವಾರಂಟಿ ಮುಗಿದುಹೋಗುತ್ತದೆ. ಆಮೇಲೆ ಏನಾದರೂ ಆದರೆ ಯಾರನ್ನು ಕೇಳುವುದು?” ಎಂದು ಶೆಟ್ಟರು ನಿಜವಾದ ಕಳವಳದಿಂದ ಕೇಳಿದರು.

ವಾರಂಟಿಯ ವಿಷಯದಲ್ಲಿ ನನಗೆ ಮೊದಲಿನಿಂದಲೂ ಸ್ವಲ್ಪ ಗುಮಾನಿಯಿದೆ. ಆ ಚೀಟಿ ಹೊಣೆ ಹೊರುವುದು ಕ್ಯಾಪಿಗೆ. ಕ್ಯಾಪಿನ ಅಂಚಿನಲ್ಲಿ ಅನ್ನದ ಅಗುಳು ಸೇರಿಕೊಂಡು ಒಳಗಿನ ಹಲ್ಲೇ ಹುಳುಕಾದರೆ ಅದು ಹೊಣೆಯಲ್ಲ. ಹಲ್ಲು ಕೊಳೆತುಹೋದ ಮೇಲೆ, ಒಂದು ಗೀರೂ ಬೀಳದ ಕ್ಯಾಪನ್ನು ಪೊಟ್ಟಣ ಕಟ್ಟಿ ಬೀರುವಿನಲ್ಲಿ ಇಟ್ಟುಕೊಳ್ಳಬಹುದು, ಅಷ್ಟೆ. ಇದನ್ನು ನಾನು ಹೇಳಿದಾಗ ಶೆಟ್ಟರು ಕೇಳಿಸಿಕೊಳ್ಳಲಿಲ್ಲ, ಏಕೆಂದರೆ ಅಷ್ಟರಲ್ಲಿ ಅವರು ಜಿರ್ಕೋನಿಯಾ ಎಂದರೇನು ಎಂದು ಮೇಷ್ಟ್ರನ್ನು ಕೇಳಿಬಿಟ್ಟಿದ್ದರು.

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವರನ್ನು ಅಂಥ ಪ್ರಶ್ನೆ ಕೇಳಿದ ಮೇಲೆ ಕಾಫಿ ಆರುವುದು ಖಚಿತ. “ಜಿರ್ಕೋನಿಯಾ ಎಂದರೆ ಜಿರ್ಕೋನಿಯಮ್ ಧಾತುವಿನ ಆಕ್ಸೈಡ್. 1789ರಲ್ಲಿ ಜರ್ಮನಿಯ ಕ್ಲಾಪ್ರೋಟ್ ಎಂಬ ರಸಾಯನಶಾಸ್ತ್ರಜ್ಞರು ಸಿಂಹಳದ ಒಂದು ಕಲ್ಲಿನಲ್ಲಿ ಇದನ್ನು ಗುರುತಿಸಿದರು. ಇದರ ಮೂಲವಾದ ಜಿರ್ಕಾನ್ ನಮ್ಮ ಕೇರಳದ ಕೊಲ್ಲಂ ಬಳಿಯ ಚವರ ಕಡಲತೀರದ ಮರಳಿನಲ್ಲಿಯೂ ಇದೆ. ಅಷ್ಟು ದೂರವೇಕೆ, ನಿಮ್ಮ ಮನೆಯವರ ಕಿವಿಯಲ್ಲಿರುವ ಅಮೆರಿಕನ್ ಡೈಮಂಡ್ ಓಲೆಯೂ ಇದೇ ಆಕ್ಸೈಡ್.”

ಶೆಟ್ಟರ ಮುಖ ಬಿಳಿಚಿಕೊಂಡಿತು. ಮದುವೆಯ ಐವತ್ತನೆಯ ವರ್ಷಕ್ಕೆ ಕೊಡಿಸಿದ ಆ ಓಲೆ ಅಸಲಿ ವಜ್ರದ್ದೆಂದು ಶೆಟ್ಟರು ಮನೆಯಲ್ಲಿ ಹೇಳಿದ್ದರೆಂಬುದು ನಮಗೆ ಆಗಲೇ ತಿಳಿದದ್ದು. “ಹಾಗಾದರೆ ಹಲ್ಲಿನ ವಿಷಯ ಮನೆಯಲ್ಲಿ ವಿವರವಾಗಿ ಹೇಳುವುದು ಬೇಡ” ಎಂದು ಅವರು ತಗ್ಗಿದ ದನಿಯಲ್ಲಿ ತೀರ್ಮಾನಿಸಿದರು.

ಮೇಷ್ಟ್ರು ಬಿಡಲಿಲ್ಲ. ಒಂದೇ ವಸ್ತುವಿನ ಹರಳುಗಳು ಒಳಗೆ ಬೇರೆ ಬೇರೆ ರೀತಿಯಲ್ಲಿ ಜೋಡಣೆಗೊಳ್ಳಬಹುದೆಂದೂ, ಓಲೆಯಲ್ಲಿರುವುದು ಘನಾಕೃತಿಯ ಜೋಡಣೆಯಾದ್ದರಿಂದ ಅದು ಬೆಳಕನ್ನು ಬಿಟ್ಟುಕೊಟ್ಟು ಹೊಳೆಯುತ್ತದೆಂದೂ, ದವಡೆಯ ಕ್ಯಾಪಿಗೆ ಯಿಟ್ರಿಯಾವನ್ನು, ಅಂದರೆ ಯಿಟ್ರಿಯಮ್ ಧಾತುವಿನ ಆಕ್ಸೈಡನ್ನು, ಅಣುಗಳ ಲೆಕ್ಕದಲ್ಲಿ ಸುಮಾರು ಶೇಕಡಾ 3ರಷ್ಟು ಬೆರೆಸಿ ಇನ್ನೊಂದು ಜೋಡಣೆಯನ್ನು ಬಲವಂತವಾಗಿ ನಿಲ್ಲಿಸಿರುತ್ತಾರೆಂದೂ ವಿವರಿಸಿದರು. ಹಾಗೆ ನಿಲ್ಲಿಸಿದ ಹರಳುಗಳ ನಡುವೆ ಬಿರುಕೊಂದು ಹೊರಟರೆ, ಅದರ ತುದಿಯಲ್ಲಿರುವ ಹರಳುಗಳು ತಟ್ಟನೆ ರೂಪ ಬದಲಿಸಿ ಶೇಕಡಾ 4ರಷ್ಟು ಉಬ್ಬಿ, ಬಿರುಕಿನ ಬಾಯನ್ನು ತಾವೇ ಒತ್ತಿ ಮುಚ್ಚುತ್ತವೆ. 1975ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಈ ಗುಣವನ್ನು ಕಂಡು, ಇದು ಪಿಂಗಾಣಿಯ ಉಕ್ಕೇ ಎಂದು ತಮ್ಮ ಲೇಖನದ ಶೀರ್ಷಿಕೆಯಲ್ಲಿಯೇ ಕೇಳಿದ್ದರು. ಬಾಯಿಯ ಮುಂಭಾಗದ ಹಲ್ಲುಗಳಿಗೆ ಅಂದ ಮುಖ್ಯವಾದ್ದರಿಂದ ಯಿಟ್ರಿಯಾವನ್ನು ಶೇಕಡಾ 5ಕ್ಕೆ ಏರಿಸುತ್ತಾರೆ. ಆಗ ಓಲೆಯ ಜೋಡಣೆ ಹೆಚ್ಚಾಗಿ ಕ್ಯಾಪಿಗೆ ನಿಜವಾದ ಹಲ್ಲಿನ ಅರೆಪಾರದರ್ಶಕತೆ ಬರುತ್ತದೆ, ಆದರೆ ಬಿರುಕು ಮುಚ್ಚುವ ಗುಣ ತಗ್ಗಿ, ಗಟ್ಟಿತನವೂ ಸುಮಾರು ಅರ್ಧಕ್ಕೆ ಇಳಿಯುತ್ತದೆ.

“ಅಂದರೆ ಚೆಂದವಾದಷ್ಟೂ ಕೊಬ್ಬರಿಗೆ ಆಗದು” ಎಂದು ಶೆಟ್ಟರು ಸಾರ ಹಿಂಡಿದರು.

ಇಷ್ಟು ಹೊತ್ತೂ ಸುಮ್ಮನಿದ್ದವರು ರಾಯರು. ತುಮಕೂರಿನ ಎಚ್‌ಎಂಟಿ ಗಡಿಯಾರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಅವರಿಗೆ ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ, ದೊಡ್ಡ ಅಳತೆಗಳ ಮೇಲೆ ಗೌರವ ಕಡಿಮೆ. ಶೆಟ್ಟರ ಜೊತೆಗೆ ದವಾಖಾನೆಗೆ ಹೋಗಿ ಬಂದಿದ್ದ ಅವರು ಅಲ್ಲಿ ಕಂಡದ್ದನ್ನು ಹೇಳತೊಡಗಿದರು. ಹಿಂದೆಲ್ಲ ಅಳತೆ ತೆಗೆಯಬೇಕಾದರೆ ತಟ್ಟೆಯಲ್ಲಿ ಹಿಟ್ಟಿನಂಥದ್ದನ್ನು ಕಲಸಿ ಬಾಯಿಗೆ ತುರುಕಿ, ವಾಕರಿಕೆ ಬಂದು ಕಣ್ಣಲ್ಲಿ ನೀರು ಸುರಿಯುವವರೆಗೂ ಹಿಡಿದಿಡುತ್ತಿದ್ದರು. ಆ ಅಚ್ಚಿಗೆ ಜಿಪ್ಸಮ್ ಸುರಿದು, ಗಟ್ಟಿಯಾದ ಮೇಲೆ ಬೆಂಗಳೂರಿನ ಬಸ್ಸಿಗೆ ಹಾಕಿದರೆ, ಅದು ಡಾಬಸಪೇಟೆ ದಾಟುವಷ್ಟರಲ್ಲಿ ಮೂಲೆ ಮುಕ್ಕಾಗುವುದೂ ಇತ್ತು. ಈಗ ಡಾಕ್ಟರಮ್ಮ ಕ್ಯಾಮೆರಾ ಇರುವ ಒಂದು ಕೋಲನ್ನು ಬಾಯಿಯಲ್ಲಿ ಆಡಿಸಿದರು. ಕ್ಷಣಕ್ಕೆ ಹತ್ತಾರು ಚಿತ್ರಗಳು ಒಂದಕ್ಕೊಂದು ಹೊಲಿದುಕೊಂಡು ಶೆಟ್ಟರ ದವಡೆ ಪರದೆಯ ಮೇಲೆ ಬಣ್ಣದಲ್ಲಿ ಮೂಡಿತು. ಅದರ ಜೊತೆಗೆ ಐವತ್ತು ವರ್ಷಗಳ ಎಲೆ-ಅಡಿಕೆಯ ಇತಿಹಾಸವೂ ಮೂಡಿದ್ದರಿಂದ, ಪಕ್ಕದಲ್ಲಿ ಕುಳಿತಿದ್ದ ಶ್ರೀಮತಿ ಶೆಟ್ಟರು ಅಲ್ಲಿಯೇ ಒಂದು ಸಣ್ಣ ವಿಚಾರಣೆ ನಡೆಸಿದರಂತೆ.

“ಇದೇನು ನಿನ್ನೆ ಮೊನ್ನೆಯದಲ್ಲ” ಎಂದು ಮೇಷ್ಟ್ರು ನಡುವೆ ಬಾಯಿ ಹಾಕಿದರು. “1970ರ ದಶಕದ ಆರಂಭದಲ್ಲೇ ಫ್ರಾನ್ಸಿನ ಫ್ರಾಂಸ್ವಾ ದ್ಯುರೆ ಈ ದಾರಿಯನ್ನು ಯೋಚಿಸಿದ್ದರು. 1985ರಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯದ ದಂತವೈದ್ಯ ಮೋರ್ಮಾನ್, ಬ್ರಾಂಡೆಸ್ಟಿನಿ ಎಂಬ ಎಂಜಿನಿಯರ್ ಜೊತೆ ಸೇರಿ, ರೋಗಿ ಕುರ್ಚಿಯಲ್ಲಿ ಕುಳಿತಿರುವಾಗಲೇ ಪಿಂಗಾಣಿಯ ತುಂಡನ್ನು ಕೊರೆದು ಹಲ್ಲಿಗೆ ಕೂರಿಸಿದರು.”

“ಜ್ಯೂರಿಕ್ ಇರಲಿ ಮೇಷ್ಟ್ರೇ, ನಾನು ಕಂಡದ್ದನ್ನು ಕೇಳಿ” ಎಂದು ರಾಯರು ಮುಂದುವರಿಸಿದರು. ಡಾಕ್ಟರಮ್ಮ ಖಾನೆಯಿಂದ ಎರಡು ಕ್ಯಾಪುಗಳನ್ನು ತೆಗೆದು ಅವರ ಅಂಗೈಯಲ್ಲಿ ಇಟ್ಟಿದ್ದರಂತೆ. ಎರಡನ್ನೂ ಒಂದೇ ಕಂಪ್ಯೂಟರ್ ಫೈಲಿನಿಂದ ಯಂತ್ರ ಕೊರೆದದ್ದು. ಒಂದು ಸುಡದ್ದು, ಇನ್ನೊಂದು ಸುಟ್ಟದ್ದು. ಸುಡದ್ದನ್ನು ಉಜ್ಜಿದರೆ ಬೆರಳಿಗೆ ಬಿಳಿ ಪುಡಿ ಹತ್ತಿತು, ಉಗುರು ತಾಗಿದರೆ ಅಂಚು ಉದುರಿತು. ಸುಟ್ಟದ್ದು ಐದನೆಯ ಒಂದು ಪಾಲಿನಷ್ಟು ಚಿಕ್ಕದಾಗಿ, ಮೇಜಿಗೆ ತಟ್ಟಿದರೆ ಟಿಣ್ ಎನ್ನುತ್ತಿತ್ತು. ಸುಮಾರು 1500 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಗಂಟೆಗಟ್ಟಲೆ ಬೇಯುವಾಗ ಜಿರ್ಕೋನಿಯಾ ಕುಗ್ಗುವುದರಿಂದ, ಕುಗ್ಗಿದ ಮೇಲೆ ಸರಿಹೋಗುವಂತೆ ಮೊದಲೇ ದೊಡ್ಡದಾಗಿ ಕೊರೆಯುತ್ತಾರೆ. ಎಷ್ಟು ದೊಡ್ಡದು ಎಂಬ ಗುಣಕವನ್ನು, ಕ್ಯಾಪ್ ಕೊರೆಯುವ ಜಿರ್ಕೋನಿಯಾದ ಪ್ರತಿಯೊಂದು ಬಿಲ್ಲೆಯ ಮೇಲೂ ತಯಾರಕರು ನಮೂದಿಸಿರುತ್ತಾರೆ. “ಬಿಲ್ಲೆ ಬಿಲ್ಲೆಗೂ ಬೇರೆ ಗುಣಕ! ಕುಗ್ಗುವುದನ್ನೂ ಅಳೆದು ಕುಗ್ಗಿಸುತ್ತಾರೆ!” ಎನ್ನುವಾಗ ರಾಯರ ಕಣ್ಣು ತುಂಬಿದ್ದವು. ಕಾರ್ಖಾನೆ ಮುಚ್ಚಿದಾಗಲೂ ಅವರು ಅಷ್ಟು ಭಾವುಕರಾದುದನ್ನು ನಾನು ನೋಡಿರಲಿಲ್ಲ.

ವಿಚಿತ್ರವೆಂದರೆ, ಯಂತ್ರವನ್ನು ಇಷ್ಟು ಹೊಗಳುವ ರಾಯರಿಗೆ ಆ ಯಂತ್ರ ಒದಗಿಬರಲಿಲ್ಲ. ಅವರ ಬಾಯಿಯಲ್ಲಿ ಒಂದೂ ಹಲ್ಲಿಲ್ಲ. ಹಳೆಯ ಸೆಟ್ಟು ಸಡಿಲವಾಗಿ, ಮಾತಿನ ನಡುವೆ ತನ್ನದೊಂದು ಅಭಿಪ್ರಾಯವನ್ನು ಟಕ್ಕೆಂದು ಸೇರಿಸುತ್ತಿತ್ತು. ಹೊಸ ಸೆಟ್ಟಿಗೆ ತಮ್ಮದನ್ನೂ ಕೋಲಿನಿಂದಲೇ ಅಳೆಯಿರಿ ಎಂದು ಅವರು ಹಟ ಹಿಡಿದಾಗ ಡಾಕ್ಟರಮ್ಮ ಒಪ್ಪಲಿಲ್ಲ. ಚಿತ್ರಕ್ಕೆ ಚಿತ್ರ ಹೊಲಿಯಬೇಕಾದರೆ ಗುರುತು ಹಿಡಿಯಲು ಏಣುಕೋನಗಳು ಬೇಕು. ಬೋಳು ಒಸಡು ಎಲ್ಲಿ ನೋಡಿದರೂ ಒಂದೇ ಥರ, ಎಂಜಲಿನಿಂದ ಹೊಳೆಯುತ್ತದೆ, ಮುಟ್ಟಿದರೆ ಜರುಗುತ್ತದೆ. ಒಂದು ಹಲ್ಲಿನಲ್ಲಿ ಲೆಕ್ಕಕ್ಕೆ ಬಾರದ ತಪ್ಪು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಬೆಳೆದಿರುತ್ತದೆ. ಆದ್ದರಿಂದ ರಾಯರ ಬಾಯಿಗೆ ಮತ್ತೆ ಅದೇ ತಟ್ಟೆ, ಅದೇ ವಾಕರಿಕೆ. ಅಚ್ಚು ಹೊರಗೆ ಬಂದ ಮೇಲೆ ಅದನ್ನು ಸ್ಕ್ಯಾನ್ ಮಾಡುತ್ತೇವೆ ಎಂಬ ಸಮಾಧಾನ. “ನನ್ನನ್ನು ಬಿಟ್ಟು ನನ್ನ ಅಚ್ಚಿಗೆ ಆಧುನಿಕ ಚಿಕಿತ್ಸೆ ಕೊಟ್ಟರು” ಎಂದು ರಾಯರು ಹೇಳಿದರೆ, ಸೆಟ್ಟು ಟಕ್ಕೆಂದು ಅನುಮೋದಿಸಿತು.

ಮೇಷ್ಟ್ರ ಕೆಳದವಡೆಯಲ್ಲಿಯೂ ಹಲ್ಲುಗಳು ಖಾಲಿಯಿವೆ. ಮುದ್ದೆಯನ್ನು ಅಗಿಯದೆ ನುಂಗುವ ಜಿಲ್ಲೆಯಲ್ಲಿ ಹುಟ್ಟಿದವನಿಗೆ ದವಡೆ ಹಲ್ಲು ಅಲಂಕಾರ ಮಾತ್ರ ಎಂಬುದು ಅವರ ಸಿದ್ಧಾಂತ. ಅದರ ಮೇಲೆ ಚರ್ಚೆ ಬೆಳೆಯಲಿಲ್ಲ.

ಮುಂದಿನ ಭಾನುವಾರ ಶೆಟ್ಟರು ಕ್ಯಾಪ್ ಹಾಕಿಸಿಕೊಂಡು ಬಂದರು, ಆದರೆ ಮುಖ ಗಂಟಿಕ್ಕಿತ್ತು. ಅವರ ದೂರು ಎರಡು ಬಗೆಯದು. ಮೊದಲನೆಯದು, ಡಾಕ್ಟರಮ್ಮ ಅತಿಯಾಗಿ ಮಡಿ ಮಾಡುತ್ತಾರೆ ಎಂಬುದು. ಕ್ಯಾಪನ್ನು ಒಮ್ಮೆ ಬಾಯಿಯಲ್ಲಿಟ್ಟು ಸರಿಯಾಗಿ ಕೂರುತ್ತದೆಯೇ ಎಂದು ನೋಡಿ, ಮತ್ತೆ ಹೊರತೆಗೆದು, ಯಾವುದೋ ದ್ರವ ಹಚ್ಚಿ, ತೊಳೆದು, ಒಣಗಿಸಿ, ಇನ್ನೊಂದು ದ್ರವ ಹಚ್ಚಿ, ಆಮೇಲೆ ಸಿಮೆಂಟ್ ತುಂಬಿ ಕೂರಿಸಿದರಂತೆ. “ನನ್ನ ಬಾಯಿಯ ವಸ್ತುವಿಗೆ ನನ್ನ ಎಂಜಲೇ ಮೈಲಿಗೆಯೇ?”

ಹೌದು ಎಂದರು ಮೇಷ್ಟ್ರು. ಗಾಜಿನ ಅಂಶವಿರುವ ಪಿಂಗಾಣಿಯನ್ನು ಆಮ್ಲದಿಂದ ತರಿತರಿ ಮಾಡಿ ಅಂಟಿಸಬಹುದು. ಜಿರ್ಕೋನಿಯಾದಲ್ಲಿ ಗಾಜಿಲ್ಲದ ಕಾರಣ ಆಮ್ಲದ ಆಟ ನಡೆಯದು. ಅದಕ್ಕೆ ಅಲ್ಯುಮಿನಾದ ಸಣ್ಣ ಪುಡಿಯನ್ನು ಗಾಳಿಯ ರಭಸದಿಂದ ಹೊಡೆದು, ಫಾಸ್ಫೇಟ್ ಗುಂಪಿರುವ ಪ್ರೈಮರ್, ಅಂದರೆ ಸಿಮೆಂಟ್ ಹಿಡಿಯಲೆಂದು ಮೊದಲು ಬಳಿಯುವ ದ್ರವ, ಹಚ್ಚಬೇಕು. ಆ ಫಾಸ್ಫೇಟ್ ಜಿರ್ಕೋನಿಯಾವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಎಂಜಲಿನಲ್ಲಿಯೂ ಫಾಸ್ಫೇಟ್ ಇದೆ. ಕ್ಯಾಪ್ ಬಾಯಿಗೆ ಹೋಗಿ ಬಂದರೆ ಎಂಜಲಿನ ಫಾಸ್ಫೇಟ್ ಮೊದಲೇ ಹೋಗಿ ಜಾಗ ಹಿಡಿದಿರುತ್ತದೆ. ಅದನ್ನು ಎಬ್ಬಿಸದಿದ್ದರೆ ಪ್ರೈಮರಿಗೆ ಕೂರಲು ಜಾಗವೇ ಇರುವುದಿಲ್ಲ. ಮಡಿಯ ಬಗ್ಗೆ ಇಷ್ಟು ಗಟ್ಟಿಯಾದ ಕಾರಣ ಸಿಕ್ಕಿದ್ದು ತಮ್ಮ ಜೀವಮಾನದಲ್ಲಿ ಇದೇ ಮೊದಲು ಎಂದು ರಾಯರು ಉದ್ಗರಿಸಿದರು.

ಎರಡನೆಯ ದೂರು ಇನ್ನೂ ಗಹನವಾದದ್ದು. ಅಂದು ಒಸಡು ಮರಗಟ್ಟಿದ್ದರಿಂದ ಹಲ್ಲು ಎಲ್ಲಿ ತಾಗುತ್ತದೆಂದು ಗುರುತು ಮೂಡಿಸುವ ನೀಲಿ ಕಾಗದ ಕಚ್ಚಿಸಿ ಕೇಳಿದಾಗ ಶೆಟ್ಟರು ಎಲ್ಲ ಸರಿಯಿದೆ ಎಂದಿದ್ದರು. ಮರುದಿನ ಬೆಳಿಗ್ಗೆ ಬಾಯಿ ಮುಚ್ಚಿದರೆ ಮೊದಲು ಆ ಕ್ಯಾಪೇ ತಾಗುತ್ತದೆ. ಅದು ತಾಗಿದ ಮೇಲೆ ಉಳಿದವು. ಬೆಂಗಳೂರಿನ ಲ್ಯಾಬಿನಲ್ಲಿ ಇಷ್ಟು ದುಬಾರಿ ಯಂತ್ರ ಕೊರೆದದ್ದು ಎತ್ತರವಾಗುವುದು ಹೇಗೆ?

“ಯಂತ್ರ ಫೈಲಿನಲ್ಲಿದ್ದುದನ್ನು ಕೊರೆಯಿತು” ಎಂದರು ರಾಯರು. “ನಿಮ್ಮ ಹಲ್ಲನ್ನು ತರಿದವರು ಡಾಕ್ಟರಮ್ಮ; ಪರದೆಯ ಮೇಲೆ ಅಂಚಿನ ಗೆರೆ ಎಳೆದವನು ಲ್ಯಾಬಿನ ಹುಡುಗ; ಸಿಮೆಂಟ್ ಹಾಕಿ ಒತ್ತಿದ್ದು ಮತ್ತೆ ಡಾಕ್ಟರಮ್ಮ. ಕೂರಿಸುವಾಗ ಸಿಮೆಂಟಿನ ಪದರ ಕೂದಲೆಳೆಯಷ್ಟು ದಪ್ಪವಾದರೆ ಸಾಕು. ನಾವು ಗಡಿಯಾರಕ್ಕೂ ಕೊನೆಯಲ್ಲಿ ಕೈ ಹಾಕಿಯೇ ಕಳಿಸುತ್ತಿದ್ದುದು.”

“ಕೂದಲೆಳೆ ನನಗೆ ತಿಳಿಯುವುದು ಹೇಗೆ? ನರವನ್ನೇ ಕಿತ್ತು ಹಾಕಿದ್ದಾರೆ!”

ಇಲ್ಲಿ ಮೇಷ್ಟ್ರು ಗೆದ್ದರು. ರೂಟ್ ಕೆನಾಲಿನಲ್ಲಿ ತೆಗೆಯುವುದು ಹಲ್ಲಿನ ಒಳಗಿನ ನರ. ಒತ್ತಡದ ಅರಿವು ಇರುವುದು ಬೇರಿನ ಸುತ್ತ, ಹಲ್ಲನ್ನು ಮೂಳೆಗೆ ಕಟ್ಟಿಹಾಕಿರುವ ತೆಳುವಾದ ನಾರಿನ ಪದರದಲ್ಲಿ. ಅದನ್ನು ಯಾರೂ ಮುಟ್ಟಿಲ್ಲ. ಎರಡು ಹಲ್ಲುಗಳ ನಡುವೆ 20 ಮೈಕ್ರಾನ್ ಆಸುಪಾಸಿನ ತಗಡು ಸಿಕ್ಕಿದರೂ ಅದು ತಿಳಿಸುತ್ತದೆ. ತಲೆಗೂದಲು ಅದರ ಮೂರು ಪಟ್ಟು ದಪ್ಪ. ರಾಯರು ಲೋಟ ಕೆಳಗಿಟ್ಟರು. ಇಪ್ಪತ್ತು ಮೈಕ್ರಾನ್ ಅಳೆಯುವ ಉಪಕರಣ ಶೆಟ್ಟರ ಬಾಯಿಯಲ್ಲಿ ಎಪ್ಪತ್ತೆರಡು ವರ್ಷ ಬರೀ ಕೊಬ್ಬರಿ ಅಗಿಯುತ್ತಿತ್ತಲ್ಲ ಎಂದು ಅವರಿಗೆ ಸಂಕಟವಾಯಿತು. ತಮ್ಮ ಸೆಟ್ಟಿನ ಕೆಳಗೆ ಆ ಪದರವಿಲ್ಲ, ಇಂಪ್ಲಾಂಟ್ ಎಂಬ ಕೃತಕ ಬೇರನ್ನು ಹಾಕಿಸಿದರೂ ಅದರ ಟೈಟಾನಿಯಮ್ ನೇರವಾಗಿ ಮೂಳೆಗೆ ಬೆಸೆದುಕೊಳ್ಳುವುದರಿಂದ ಅದು ಮರಳಿ ಬಾರದು ಎಂದು ಕೇಳಿದ ಮೇಲೆ ಇನ್ನೊಂದು ಕಾಫಿ ತರಿಸಿದರು. ಶೆಟ್ಟರ ಕ್ಯಾಪಿನ ಎತ್ತರವಂತೂ ಮರುದಿನವೇ ಇಳಿಯಿತು; ತರಿದ ಜಾಗವನ್ನು ನುಣ್ಣಗೆ ಪಾಲಿಶ್ ಮಾಡದಿದ್ದರೆ ಒರಟು ಜಿರ್ಕೋನಿಯಾ ಎದುರಿನ ಹಲ್ಲನ್ನು ಸವೆಸುತ್ತದೆಂದು ಡಾಕ್ಟರಮ್ಮ ಅದಕ್ಕೆ ಹೆಚ್ಚು ಹೊತ್ತು ತೆಗೆದುಕೊಂಡರಂತೆ.

ಉಳಿದದ್ದು ಪಾವಗಡದ ಗೌಡರ ಪ್ರಕರಣ. ಸ್ಪ್ಯಾನರ್ ಜಾರಿ ಅವರ ಮೇಲಿನ ಬಾಚಿ ಹಲ್ಲು ಮುರಿದಿತ್ತು. ಪಾವಗಡದ ಕೊಳವೆಬಾವಿಯ ನೀರಿನ ಫ್ಲೋರೈಡಿನ ಬಗ್ಗೆ ಹೊಸದಾಗಿ ಹೇಳಬೇಕಾದ್ದಿಲ್ಲ, ಲೀಟರಿಗೆ 1.5 ಮಿಲಿಗ್ರಾಮ್ ಮೀರಬಾರದ್ದು ಮೀರಿದ ಕಡೆಗಳಲ್ಲಿ, ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿಯೇ ಅದರ ಮೇಲೆ ಬಿಳಿ ಮಚ್ಚೆ, ಕಂದು ಪಟ್ಟೆ ಬಿದ್ದಿರುತ್ತದೆ. ಡಾಕ್ಟರಮ್ಮ ಹದಿನಾರು ಬಣ್ಣಗಳ ಹಲ್ಲಿನ ಪಟ್ಟಿ ಹಿಡಿದು ನೋಡಿದರು; ಗೌಡರ ಒಂದೇ ಹಲ್ಲಿಗೆ ಅದರಲ್ಲಿ ಮೂರು ಬಣ್ಣ ಹೊಂದಿದವು. ಸ್ಕ್ಯಾನರ್ ಮೇಲ್ತುದಿಗೆ ಒಂದು ಸಂಖ್ಯೆ, ಕೆಳತುದಿಗೆ ಇನ್ನೊಂದು ಸಂಖ್ಯೆ ಹೇಳಿತು. ಎಲ್ಲವನ್ನೂ ಬೆಳ್ಳಗೆ ಮಾಡಿಸಿಬಿಡಿ ಮಾವ ಎಂದು ಸೊಸೆ ಹಟ ಮಾಡಿದರೆ, ಗೌಡರು ಒಪ್ಪಲಿಲ್ಲ. “ಊರಿಗೆ ಹೋದರೆ ಯಾರ ಮನೆಯವನೆಂದು ಕೇಳುತ್ತಾರೆ ಕಣಮ್ಮ” ಎಂಬುದು ಅವರ ವಾದ. ಒಂದೇ ಒಂದು ಬಿಳಿಯ ಹಲ್ಲು ಹಾಕಿದರೂ ಎರವಲು ತಂದಂತೆ ಕಾಣುತ್ತದೆ.

ಕೊನೆಗೆ, ಹೊರಗಿನ ಬೆಳಕಿನಲ್ಲಿ ಹಲ್ಲಿನ ಚಿತ್ರ ತೆಗೆದು ಕಳಿಸುವುದು, ಯಂತ್ರ ಕೊರೆದ ಕ್ಯಾಪಿನ ಮೇಲೆ ಲ್ಯಾಬಿನವರು ಸಣ್ಣ ಕುಂಚ ಹಿಡಿದು ಪಕ್ಕದ ಹಲ್ಲನ್ನು ನೋಡಿಕೊಂಡು ಬಿಳಿ ಮಚ್ಚೆಯನ್ನೂ ಕಂದು ಪಟ್ಟೆಯನ್ನೂ ಬರೆದು ಮತ್ತೆ ಸುಡುವುದು ಎಂದು ತೀರ್ಮಾನವಾಯಿತು. ಆ ಕುಂಚದ ಕೆಲಸಕ್ಕೆ ಪ್ರತ್ಯೇಕ ಶುಲ್ಕವಿತ್ತು.

ಗೌಡರು ಚೀಟಿಯನ್ನು ಎರಡು ಸಲ ಓದಿದರು. “ಉಳಿದ ಹಲ್ಲಿಗೆಲ್ಲ ಊರ ನೀರೇ ಬಿಟ್ಟಿಯಾಗಿ ಬಳಿದ ಬಣ್ಣವನ್ನು ಈ ಒಂದಕ್ಕೆ ಬೆಂಗಳೂರಿನವನಿಂದ ದುಡ್ಡು ಕೊಟ್ಟು ಬಳಿಸಬೇಕೇನು?” ಎಂದವರು, ಸ್ವಲ್ಪ ಯೋಚಿಸಿ ಶೆಟ್ಟರ ಕಡೆ ತಿರುಗಿದರು. “ಕಲೆಗೂ ಹದಿನೈದು ವರ್ಷ ವಾರಂಟಿ ಉಂಟೋ ಇಲ್ಲವೋ, ನಾಳೆ ಹೋದಾಗ ಸ್ವಲ್ಪ ಕೇಳಿಬಿಡಿ.”