ತೂಕ ಇಳಿದಿಲ್ಲ, ಆದರೆ ಬಳೆ ಜಾರುತ್ತಿವೆ: ಡಯಾಲಿಸಿಸ್‌ನಲ್ಲಿರುವ ಅಮ್ಮನ ಊಟ

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಅಮ್ಮನಿಗೆ 61 ವರ್ಷ. 4 ವರ್ಷದಿಂದ ವಾರಕ್ಕೆ 3 ಸಲ ಡಯಾಲಿಸಿಸ್. ಡಯಾಲಿಸಿಸ್‌ಗೆಂದು ಕೈಯ ರಕ್ತನಾಳ ಜೋಡಿಸಿ ಮಾಡಿದ್ದ ಫಿಸ್ಟುಲಾ ಕೆಟ್ಟು 2 ತಿಂಗಳಿಂದ ಕತ್ತಿನ ಕ್ಯಾಥೆಟರ್‌ನಲ್ಲೇ (ರಕ್ತನಾಳಕ್ಕೆ ಹಾಕಿದ ನಳಿಕೆ) ನಡೆಯುತ್ತಿದೆ. ರಕ್ತದಲ್ಲಿರುವ ಪ್ರೋಟೀನ್ ಆಲ್ಬುಮಿನ್ 3.8 ಇದ್ದದ್ದು 3.0ಕ್ಕೆ ಬಂದಿದೆ. ಉರಿಯೂತ ತೋರಿಸುವ ಸಿಆರ್‌ಪಿ 34. ಡಯಾಲಿಸಿಸ್ ಶುರುವಾಗುವ ಮೊದಲು ಡಾಕ್ಟರ್ ಪ್ರೋಟೀನ್ ಕಡಿಮೆ ಮಾಡಿ ಅಂದಿದ್ದರು. ಅವತ್ತಿನಿಂದ ಬೇಳೆ, ಮೊಟ್ಟೆ ಎರಡೂ ಬಿಟ್ಟಿದ್ದಾರೆ. ಎರಡು ಹೊತ್ತೂ ಅಕ್ಕಿ ಗಂಜಿ. ತೂಕ 50 ಕೆಜಿಯಲ್ಲೇ ನಿಂತಿದೆ, ಆದರೆ ಬಳೆ ಮೊಣಕೈವರೆಗೂ ಜಾರುತ್ತಿವೆ. ಮಷಿನ್ ಹಾಕಿದ ಸ್ವಲ್ಪ ಹೊತ್ತಿಗೆ ಚಳಿ ಚಳಿ ಅಂತಾರೆ. ಅಲ್ಲಿ ಏಸಿ ಇರುತ್ತಲ್ಲ, ಕಂಬಳಿ ಹೊದಿಸುತ್ತೇವೆ. ಯಾವ ಪ್ರೋಟೀನ್ ಪೌಡರ್ ಕೊಡಬಹುದು?

ಉತ್ತರ (ಕಿಡ್ನಿ ವಿಭಾಗದ ಡಯಟೀಷಿಯನ್): ಪೌಡರ್ ಮಾತು ಆಮೇಲೆ. ಮೊದಲು ಆ ಚಳಿ. ಕ್ಯಾಥೆಟರ್ ಇರುವವರಿಗೆ ಮಷಿನ್ ಹಾಕಿದ ಮೇಲೆ ಚಳಿ ಬಂದರೆ ಏಸಿಯಿಂದ ಅಂತ ಸುಮ್ಮನಿರಬಾರದು. ಕ್ಯಾಥೆಟರ್ ಒಳಗೆ ಸೋಂಕು ಕೂತಿದ್ದರೆ, ರಕ್ತ ಓಡಲು ಶುರುವಾದಾಗ ಅದು ಮೈಗೆಲ್ಲ ಹೋಗುತ್ತದೆ. ಈಗಲೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಜ್ವರ ಇಲ್ಲದಿದ್ದರೂ ಮಾಡಿ. ರಕ್ತದ ಕಲ್ಚರ್ (ರಕ್ತದಲ್ಲಿ ಸೋಂಕು ಹುಡುಕುವ ಪರೀಕ್ಷೆ) ಬೇಕಾ ಅಂತ ಕೇಳಿ. ಮುಂದಿನ ಡಯಾಲಿಸಿಸ್‌ವರೆಗೆ ಕಾಯಬೇಡಿ.

ಆಲ್ಬುಮಿನ್ ಇಳಿಯಲು ಊಟವೊಂದೇ ಕಾರಣ ಅಲ್ಲ. ಮೈಯಲ್ಲಿ ಉರಿಯೂತ ಇದ್ದಾಗ ಲಿವರ್ ಆಲ್ಬುಮಿನ್ ತಯಾರಿಸುವುದನ್ನು ಕಡಿಮೆ ಮಾಡಿ ಸಿಆರ್‌ಪಿಯನ್ನು ಜಾಸ್ತಿ ಮಾಡುತ್ತದೆ. ಹಸಿವು ಸಾಯುತ್ತದೆ, ಸ್ನಾಯು ಕರಗುತ್ತದೆ. ಮೂಲ ಹುಡುಕದೆ ಡಬ್ಬಿಗಟ್ಟಲೆ ಪೌಡರ್ ಕೊಟ್ಟರೂ ಆ ನಂಬರ್ ಮೇಲೇಳುವುದು ಕಷ್ಟ. ವಸಡು, ಪಾದದ ಗಾಯ ಇವನ್ನೂ ತೋರಿಸಿ.

ನೀವು ಬಳೆ ಗಮನಿಸಿದ್ದು ತುಂಬಾ ಒಳ್ಳೆಯದಾಯಿತು. ಮೈ ಇಳಿದರೂ ತೂಕ ಅಷ್ಟೇ ಇದ್ದರೆ, ಕರಗಿದ ಸ್ನಾಯುವಿನ ಜಾಗದಲ್ಲಿ ನೀರು ನಿಂತಿರಬಹುದು. ಡ್ರೈ ವೇಟ್ (ಮೈಯ ಹೆಚ್ಚಿನ ನೀರು ತೆಗೆದ ಮೇಲಿನ ತೂಕ) ಮತ್ತೆ ನೋಡಲು ಹೇಳಿ.

ಇನ್ನು ಊಟ. ಪ್ರೋಟೀನ್ ಕಡಿಮೆ ಮಾಡಿ ಅಂದದ್ದು ಡಯಾಲಿಸಿಸ್‌ಗೆ ಮುಂಚಿನ ಮಾತು. ಈಗ ಪ್ರತಿ ಸಲ ಮಷಿನ್‌ನಲ್ಲಿ ಪ್ರೋಟೀನ್‌ನ ಘಟಕವಾದ ಅಮೈನೋ ಆಮ್ಲ ಕೆಲವು ಗ್ರಾಂ ಹೊರಗೆ ಹೋಗುತ್ತದೆ. ಕೆಜಿ ತೂಕಕ್ಕೆ 1ರಿಂದ 1.2 ಗ್ರಾಂ ಬೇಕು, ಅಂದರೆ ಅಮ್ಮನಿಗೆ ದಿನಕ್ಕೆ 50–60 ಗ್ರಾಂ. ಗಂಜಿಯಲ್ಲಿ ಅದರ ಕಾಲು ಭಾಗವೂ ಸಿಗಲ್ಲ, ಮೇಲೆ ಅದರ ನೀರೂ ದಿನಕ್ಕೆ ಕುಡಿಯಬಹುದಾದ ನೀರಿನ ಲೆಕ್ಕಕ್ಕೆ ಸೇರುತ್ತದೆ. ಮೊಟ್ಟೆಯ ಬಿಳಿ ಭಾಗದಿಂದ ಶುರು ಮಾಡಿ. ಒಂದರಲ್ಲಿ ಸುಮಾರು 3.5 ಗ್ರಾಂ ಪ್ರೋಟೀನ್ ಇದೆ, ಕಿಡ್ನಿ ಕೆಟ್ಟವರ ರಕ್ತದಲ್ಲಿ ಸೇರಿಕೊಳ್ಳುವ ಫಾಸ್ಫರಸ್ ತೀರಾ ಕಡಿಮೆ. ಬೆಳಿಗ್ಗೆ ಎರಡು, ರಾತ್ರಿ ಎರಡು, ಕಾಳುಮೆಣಸು ಹಾಕಿ ಪಲ್ಯದ ಥರ ಹುರಿದು ಕೊಡಿ. ಮೀನು ತಿನ್ನುವವರಾದರೆ ಇನ್ನೂ ಒಳ್ಳೆಯದು. ಗಂಜಿ ಬದಲು ಅನ್ನ, ಗಟ್ಟಿ ಬೇಳೆ. ಫಾಸ್ಫರಸ್ ಕಡಿಮೆ ಮಾಡುವ ಮಾತ್ರೆ ಕೊಟ್ಟಿದ್ದರೆ ಊಟದ ಜೊತೆಗೇ ನುಂಗಬೇಕು.

ಗುಂಪಿನ ಇನ್ನೊಬ್ಬ ಸದಸ್ಯರು: ಉರಿಯೂತಕ್ಕೆ ಅರಿಶಿನ ಹಾಲು, ಕಷಾಯ ಒಳ್ಳೆಯದಲ್ವಾ ಮೇಡಂ?

ಉತ್ತರ: ಸಾರಿಗೆ ಹಾಕುವ ಅರಿಶಿನ ಇರಲಿ. ಅರಿಶಿನದ ಕ್ಯಾಪ್ಸೂಲ್, ಕಷಾಯ ಡಾಕ್ಟರನ್ನು ಕೇಳದೆ ಬೇಡ. ಹಾಲಿನಲ್ಲಿ ಫಾಸ್ಫರಸ್ ಜಾಸ್ತಿ. ಎಳನೀರು, ‘ಲೋ ಸೋಡಿಯಂ’ ಉಪ್ಪು ಕೊಡಲೇಬೇಡಿ. ಅವುಗಳ ಪೊಟ್ಯಾಸಿಯಂ ಹೃದಯಕ್ಕೆ ಅಪಾಯ.

ಪ್ರಶ್ನೆ ಕೇಳಿದವರು: ಮೇಡಂ, ಫೋನ್ ಮಾಡಿದೆ. ಈಗಲೇ ಕರೆದುಕೊಂಡು ಬನ್ನಿ ಅಂದರು. ಹೊರಟಿದ್ದೇವೆ.

ಉತ್ತರ: ಒಳ್ಳೆಯದು. ಚಳಿ ಯಾವ ಯಾವ ದಿನ ಬಂತು ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ಕತ್ತಿನ ಬ್ಯಾಂಡೇಜ್ ನೀವು ಬಿಚ್ಚಬೇಡಿ. ಮಾತ್ರೆಗಳ ಡಬ್ಬಿ ಜೊತೆಗಿರಲಿ.