ಪದಚರ್ಚೆ: ಚೀನಾದ ‘ಚೆಂಗ್‌ಫೆನ್’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ. ಮಾವೊ ಕಾಲದ ಚೀನಾದಲ್ಲಿ ಮನೆಮಂದಿ ಪಟ್ಟ ಪಾಡಿನ ಬಗ್ಗೆ ಒಂದು ಲೇಖನ ಅನುವಾದಿಸುತ್ತಿದ್ದೇನೆ. ನಾಳೆ ಸಂಜೆಯೊಳಗೆ ಕೊಡಬೇಕು. 1950ರ ಆಸುಪಾಸಿನ ಭೂಸುಧಾರಣೆಯಲ್ಲಿ ಹಳ್ಳಿಯ ಮನೆಮನೆಗೂ ಜಮೀನ್ದಾರ, ಶ್ರೀಮಂತ ರೈತ, ಮಧ್ಯಮ ರೈತ, ಬಡ ರೈತ, ಕೂಲಿ ಅಂತ ಹೆಸರು ಹಚ್ಚಿದರಲ್ಲ, ಅದೇ ‘ಚೆಂಗ್‌ಫೆನ್’. ನಾನು ‘ವರ್ಗ’ ಅಂತ ಹಾಕಿದ್ದೆ. ಸಂಪಾದಕರು ಒಪ್ಪುತ್ತಿಲ್ಲ. ಈ ಹೆಸರು ಹಚ್ಚುವುದಕ್ಕೆ ಅಲ್ಲಿ ‘ಟೋಪಿ ತೊಡಿಸು’ ಅಂತಾರೆ. ಹಾಗೇ ಇಡಬಹುದಾ?

ಮರು:
‘ವರ್ಗ’ ಸಂಸ್ಕೃತ, ಬೇಡ. ‘ಹುಟ್ಟುಪಂಗಡ’ ಅನ್ನಿ. ಅಪ್ಪನಿಂದ ಮಗನಿಗೆ ಬರುತ್ತಿತ್ತು ಅಂದಮೇಲೆ ಹುಟ್ಟಿನದೇ ಅಲ್ವಾ?

ಮರು:
ಹಾಗಾದರೆ ‘ಜಾತಿ’ ಇದೆಯಲ್ಲ. ‘ಜನ್’ ಧಾತು, ಹುಟ್ಟು ಅಂತಲೇ ಅರ್ಥ. ಸುಮ್ನೆ ಹೊಸ ಪದ ಯಾಕೆ ಕಟ್ಟಬೇಕು?

ಮರು:
> ಹುಟ್ಟಿನದೇ ಅಲ್ವಾ?
ಅಲ್ಲ. ಊರಿನವರನ್ನು ಸಭೆ ಸೇರಿಸಿ, ಯಾರ ಹೊಲ ಎಷ್ಟು ಅಂತ ಲೆಕ್ಕ ಹಾಕಿ ಹಚ್ಚಿದ ಹೆಸರು ಅದು. ಆಮೇಲೆ ಮಕ್ಕಳು ಮೊಮ್ಮಕ್ಕಳಿಗೂ ಇಳಿಸಿದರು. ಅಜ್ಜನ ಹೊಲ ಯಾವತ್ತೋ ಹಂಚಿಹೋಗಿದೆ, ಮೊಮ್ಮಗ ಮಾತ್ರ ಇನ್ನೂ ‘ಜಮೀನ್ದಾರ’. ಅವನಿಗೆ ಕಾಲೇಜು ಸಿಗುವುದು ಕಷ್ಟ, ಸೈನ್ಯ ಸೇರುವುದು ಕಷ್ಟ, ಹೆಣ್ಣು ಕೊಡುವವರೂ ಇಲ್ಲ.

ಇದು ರಕ್ತದಲ್ಲೇ ಬರುತ್ತೆ ಅಂತ ವಾದಿಸಿದ್ದು ಕೆಲವು ರೆಡ್ ಗಾರ್ಡ್‌ಗಳು, ಅಂದರೆ ಮಾವೊನ ಬೆನ್ನಿಗೆ ನಿಂತ ವಿದ್ಯಾರ್ಥಿ ಪಡೆಯವರು. ‘ಅಪ್ಪ ವೀರನಾದರೆ ಮಗ ಶೂರ, ಅಪ್ಪ ಪ್ರತಿಗಾಮಿಯಾದರೆ ಮಗ ನೀಚ’ ಅನ್ನೋದು 1966ರಲ್ಲಿ ಅವರ ಘೋಷಣೆ. ಅದನ್ನು ಅಲ್ಲಗಳೆದು ಬರೆದ ಯು ಲುವೊಕೆ ಅನ್ನೋ ಯುವಕನಿಗೆ 1970ರ ಮಾರ್ಚ್‌ನಲ್ಲಿ ಸರ್ಕಾರ ಮರಣದಂಡನೆ ಕೊಟ್ಟಿತು. ವಯಸ್ಸು 27. ನಾವು ‘ಜಾತಿ’, ‘ಹುಟ್ಟು’ ಅಂತ ಬರೆದರೆ ಆ ಘೋಷಣೆಯನ್ನೇ ಒಪ್ಪಿದ ಹಾಗೆ.

‘ಹಣೆಪಟ್ಟಿ’ ಹಾಕಿ. ಹಚ್ಚಿದವರು ಬೇರೆ ಯಾರೋ ಅನ್ನೋದು ಆ ಪದದಲ್ಲೇ ಇದೆ. ಕೀಳಲೂ ಬಹುದು, 1979ರ ಜನವರಿಯಲ್ಲಿ ಕಮ್ಯುನಿಸ್ಟ್ ಪಕ್ಷವೇ ಕಿತ್ತುಹಾಕಲು ತೀರ್ಮಾನಿಸಿತು. ‘ಪಂಗಡ’ ಬೇಡವೇ ಬೇಡ, ನಮ್ಮ ಓದುಗರ ಕಿವಿಗೆ ‘ಪರಿಶಿಷ್ಟ ಪಂಗಡ’ ಅಂತ ಕೇಳುತ್ತೆ. ‘ಟೋಪಿ ಹಾಕಿದರು’ ಅಂದರೆ ಕನ್ನಡದಲ್ಲಿ ಮೋಸ ಮಾಡಿದರು ಅಂತ. ಆರೋಪ ಹೊತ್ತವರ ತಲೆಗೆ ನಿಜವಾಗಿಯೂ ಉದ್ದನೆಯ ಕಾಗದದ ಟೋಪಿ ಇಟ್ಟು ಮೆರವಣಿಗೆ ಮಾಡಿದ ಕಡೆ ಮಾತ್ರ ಟೋಪಿ ಇರಲಿ.

ಮರು:
‘ಪಟ್ಟಿ’ಯ ಮೂಲ ನೋಡಿದ್ದೀರಾ? ಸಂಸ್ಕೃತದ ‘ಪಟ್ಟ’ದ ಹತ್ತಿರ ಹೋಗಿ ನಿಲ್ಲುತ್ತೆ. ಹೀಗೇ ಒಂದೊಂದಾಗಿ ಬಿಟ್ಟುಕೊಟ್ಟರೆ ನಮ್ಮದು ಅಂತ ಏನು ಉಳಿಯುತ್ತೆ?

ಮರು:
‘ಜಮೀನು’ ಪಾರ್ಸಿ. ‘ಚಹಾ’ ಚೀನಾದ್ದೇ. ಇವನ್ನೆಲ್ಲ ಬಿಟ್ಟು ಒಂದು ಪುಟ ಬರೆದು ತೋರಿಸಿ, ಆಮೇಲೆ ಮಾತಾಡೋಣ.

ಮರು:
‘ಹಣೆಪಟ್ಟಿ’ ಹಾಕಿದೆ, ಧನ್ಯವಾದ. ಮೂಲದ ಜಗಳ ಬೇರೆ ಎಳೆಯಲ್ಲಿ ಮುಂದುವರಿಸಿ, ದಯವಿಟ್ಟು. ಇನ್ನೊಂದು ಸಿಕ್ಕಿಕೊಂಡಿದೆ. ಆರೋಪ ಹೊತ್ತ ತಂದೆತಾಯಿಯಿಂದ ಮಕ್ಕಳು ‘ಗೆರೆ ಎಳೆದುಕೊಳ್ಳುವುದು’ ಅಂತ ಬರುತ್ತೆ. ‘ಸಂಬಂಧ ಕಡಿದುಕೊಂಡರು’ ಸಾಕಾ?

ಮರು:
ಸಾಲದು. ‘ಕಡಿದುಕೊಂಡರು’ ಅಂದರೆ ತಾವಾಗಿ ಮಾಡಿದ ಹಾಗಾಗುತ್ತೆ. ‘ಕಡಿಸಿದರು’ ಅನ್ನಿ.

ಮರು:
ಎಲ್ಲ ಕಡೆಯೂ ಅಲ್ಲ. ಆನ್‌ಹುಯಿ ಪ್ರಾಂತ್ಯದ ಜಾಂಗ್ ಹೊಂಗ್‌ಬಿಂಗ್ 1970ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ಮಾವೊನನ್ನು ಟೀಕಿಸಿದಳು ಅಂತ ತಾಯಿಯ ಮೇಲೆ ದೂರು ಕೊಟ್ಟ. ತಾಯಿಗೆ ಮರಣದಂಡನೆ ಆಯಿತು. 2013ರಲ್ಲಿ ಆತ ‘ತಪ್ಪು ನನ್ನದೇ’ ಅಂತ ಎಲ್ಲರೆದುರು ಒಪ್ಪಿಕೊಂಡರು. ಅವರ ಕಥೆಗೆ ‘ಕಡಿಸಿದರು’ ಅಂತ ಬರೆಯಲು ನನ್ನ ಕೈ ಬರುವುದಿಲ್ಲ.