ಬೆಲ್ಲದ ಕಾರ್ಬನ್ ಡಾಟ್ ಮಂಕಾದರೆ ಡಿಎನ್‌ಎ ಸಿಕ್ಕಿದ ಹಾಗಾ?

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ, ಮೈಸೂರು): ನಮಸ್ಕಾರ ಸರ್. ಮಂಡ್ಯ ಹತ್ತಿರದ ನಮ್ಮೂರ ಆಲೆಮನೆ ಬೆಲ್ಲದಿಂದ ಕಾರ್ಬನ್ ಡಾಟ್ (ಹೊಳೆಯುವ, ಕೆಲವೇ ನ್ಯಾನೋಮೀಟರ್ ಗಾತ್ರದ ಇಂಗಾಲದ ಕಣ) ಮಾಡಿದ್ದೇನೆ. 365 ನ್ಯಾನೋಮೀಟರ್ ಯುವಿ ದೀಪ ಹಿಡಿದರೆ ಚೆನ್ನಾಗಿ ನೀಲಿ ಹೊಳೆಯುತ್ತದೆ. ಕಬ್ಬಿನ ಎಲೆಯಿಂದ ತೆಗೆದ ಡಿಎನ್‌ಎ ಹಾಕಿದರೆ ಮಂಕಾಗುತ್ತದೆ. ಇದನ್ನು ಡಿಎನ್‌ಎ ಪತ್ತೆ ಅಂತ ಪ್ರಾಜೆಕ್ಟ್‌ನಲ್ಲಿ ಬರೆಯಬಹುದಾ?

ಉತ್ತರ: ಈಗಲೇ ಬರೆಯಬೇಡಿ ಅಮ್ಮ. ಬೆಳಕು ಬದಲಾಗಿದೆ ಅಂತ ಮಾತ್ರ ಇದರಿಂದ ಗೊತ್ತಾಯಿತು. ಯಾಕೆ ಬದಲಾಯಿತು ಅನ್ನುವುದು ಇನ್ನೂ ಬಾಕಿ ಇದೆ.

ಮೊದಲು ಡಿಎನ್‌ಎ ಕರಗಿಸಿಟ್ಟ ಬಫರನ್ನು (ಪಿಎಚ್ ಸ್ಥಿರವಾಗಿಡುವ ದ್ರಾವಣ) ಮಾತ್ರ, ಅಷ್ಟೇ ಅಳತೆಯಲ್ಲಿ ಹಾಕಿ ನೋಡಿ. ಕಾರ್ಬನ್ ಡಾಟ್ ಬೆಳಕು ಪಿಎಚ್‌ಗೆ ಬದಲಾಗುತ್ತದೆ, ಉಪ್ಪಿಗೂ ಬದಲಾಗಬಹುದು. ಕಬ್ಬಿಣದ ಅಯಾನಿಗಂತೂ ಬೇಗ ಮಂಕಾಗುತ್ತದೆ. ಬೆಲ್ಲದಲ್ಲೇ ಕಬ್ಬಿಣ ಇರುತ್ತದೆ, ಅಲ್ವಾ? ಇಂಥ ಕೆಲಸಕ್ಕೆ ಬಳಸುವ ಟಿಇ ಬಫರಿನಲ್ಲಿರುವ, ಲೋಹದ ಅಯಾನು ಹಿಡಿಯುವ ಇಡಿಟಿಎ ಆ ಕಬ್ಬಿಣವನ್ನು ಹಿಡಿದುಕೊಂಡರೆ ಬೆಳಕು ಏರಲೂಬಹುದು. ಒಂದೊಂದು ಆಲೆಮನೆಯ ಬೆಲ್ಲ ಒಂದೊಂದು ಥರ. ಊರಿನ ಬೆಲ್ಲದ ಮೇಲಿನ ಪ್ರೀತಿ ನನಗೂ ಇದೆ, ಆದರೂ ಈ ಪ್ರಯೋಗಕ್ಕೆ ಸಿಟ್ರಿಕ್ ಆಸಿಡ್‌ನಿಂದ ಶುರು ಮಾಡಿ. ಆಮೇಲೆ ಸಣ್ಣ ಅಣುಗಳನ್ನು ಮಾತ್ರ ಹೊರಬಿಡುವ ಡಯಾಲಿಸಿಸ್ ಚೀಲದಲ್ಲಿಟ್ಟು ನೀರು ಬದಲಿಸುತ್ತಾ ಬನ್ನಿ. ಎಷ್ಟೋ ಸಲ ಹೊಳೆಯುವುದು ಕಣವಲ್ಲ, ಜೊತೆಗೆ ಹುಟ್ಟಿದ ಸಣ್ಣ ಅಣುಗಳು. ಅವು ಹೊರಗಿನ ನೀರಿಗೆ ಬಂದುಬಿಡುತ್ತವೆ. ಆ ನೀರಿಗೂ ಯುವಿ ದೀಪ ಹಿಡಿದು ನೋಡಿ.

ಇನ್ನು ಮುಖ್ಯ ಮಾತು. ಬರೀ ಕಣಕ್ಕೆ ಕಬ್ಬಿನ ಡಿಎನ್‌ಎ ಯಾವುದು, ಮೀನಿನ ಡಿಎನ್‌ಎ ಯಾವುದು ಅಂತ ಗೊತ್ತಾಗುವುದಿಲ್ಲ. ಗುರುತು ಹಿಡಿಯುವುದು ಅದಕ್ಕೆ ಅಂಟಿಸಿದ ಒಂಟಿ ಎಳೆ. ನಿಮಗೆ ಬೇಕಾದ ಜಾಗಕ್ಕೆ, ಡಿಎನ್‌ಎ ಅಕ್ಷರಗಳಲ್ಲಿ ಎ ಎದುರು ಟಿ, ಜಿ ಎದುರು ಸಿ ಬರುವ ಹಾಗೆ ಸುಮಾರು 20 ಅಕ್ಷರದ ಎಳೆ ಮಾಡಿಸಿ, ತುದಿಯಲ್ಲಿ ಅಮೈನ್ ಗುಂಪು ಇರಲಿ. ಅದನ್ನು ಇಡಿಸಿ ಎಂಬ ಜೋಡಿಸುವ ರಾಸಾಯನಿಕ ಬಳಸಿ ಕಣದ ಮೇಲಿನ ಕಾರ್ಬಾಕ್ಸಿಲ್ ಗುಂಪಿಗೆ ಜೋಡಿಸಬಹುದು. ಎಳೆಯ ಇನ್ನೊಂದು ತುದಿಗೆ ಚಿನ್ನದ ನ್ಯಾನೋಕಣ ಕಟ್ಟಿ, ಎಳೆ ತನ್ನ ಮೇಲೆ ತಾನೇ ಮಡಚಿಕೊಳ್ಳುವ ಹಾಗೆ ಮಾಡಿದರೆ, ಚಿನ್ನ ಹತ್ತಿರ ಇರುವಷ್ಟು ಹೊತ್ತು ಬೆಳಕು ಆರಿರುತ್ತದೆ. ಅದಕ್ಕೆ ಹೊಂದುವ ಎಳೆ ಬಂದು ಕೂತಾಗ ಮಡಿಕೆ ಬಿಚ್ಚುತ್ತದೆ, ಚಿನ್ನ ದೂರ ಸರಿಯುತ್ತದೆ, ಬೆಳಕು ಹತ್ತುತ್ತದೆ. 1996ರಲ್ಲಿ ತ್ಯಾಗಿ ಮತ್ತು ಕ್ರೇಮರ್ ಹೇಳಿದ ಮಾಲಿಕ್ಯುಲರ್ ಬೀಕನ್ ನಡೆಯುವುದೂ ಹೀಗೇ. ಅವರು ಬಳಸಿದ್ದು ಬಣ್ಣದ ಅಣು. ಆರಿದ್ದು ಹತ್ತುವ ಪ್ರೋಬ್‌ಗೇ (ಗುರುತು ಹಿಡಿಯುವ ಎಳೆಗೇ) ನನ್ನ ಓಟು. ಮಂಕಾಗುವುದಕ್ಕೆ ನೂರು ಕಾರಣ ಇರುತ್ತದೆ.

ನೀವು ತೆಗೆದ ಡಿಎನ್‌ಎ ಜೋಡಿ ಎಳೆ. 95 ಡಿಗ್ರಿಯಲ್ಲಿ ಐದು ನಿಮಿಷ ಕಾಯಿಸಿ, ತಕ್ಷಣ ಐಸ್‌ನಲ್ಲಿಡಿ. ಇಲ್ಲದಿದ್ದರೆ ಪ್ರೋಬ್ ಕೂರಲು ಜಾಗವೇ ಇರುವುದಿಲ್ಲ. ಸಂಬಂಧವಿಲ್ಲದ ಡಿಎನ್‌ಎ ಒಂದು, ಒಂದೇ ಅಕ್ಷರ ತಪ್ಪಿರುವ ಎಳೆ ಒಂದು, ಎರಡನ್ನೂ ಪಕ್ಕದಲ್ಲಿ ಓಡಿಸಿ. ಇವಕ್ಕೆ ಬೆಳಕು ಹತ್ತದೆ ಸರಿಯಾದ ಎಳೆಗೆ ಮಾತ್ರ ಹತ್ತಿತು ಅನ್ನಿ, ಆಗ ಧೈರ್ಯವಾಗಿ ಪತ್ತೆ ಅಂತ ಬರೆಯಿರಿ.

ಪ್ರಶ್ನೆ: ಇದಕ್ಕಿಂತ ಕ್ವಾಂಟಮ್ ಡಾಟ್ (ಗಾತ್ರಕ್ಕೆ ತಕ್ಕ ಬಣ್ಣ ಬೀರುವ ಅರೆವಾಹಕ ನ್ಯಾನೋಕಣ) ಕೊಂಡರೆ ವಾಸಿಯಾ ಸರ್?

ಉತ್ತರ: ಬೆಳಕು ಜಾಸ್ತಿ, ಬೇಗ ಮಾಸುವುದಿಲ್ಲ. ಕ್ಯಾಡ್ಮಿಯಂ ಸೆಲೆನೈಡ್ ಕಣ ಸುಮಾರು 2 ನ್ಯಾನೋಮೀಟರ್ ಇದ್ದರೆ ನೀಲಿ, 6ರ ಹತ್ತಿರ ಹೋದರೆ ಕೆಂಪು. ಒಂದೇ ದೀಪದಲ್ಲಿ ನಾಲ್ಕಾರು ಬಣ್ಣ ಓದಬಹುದು. 2023ರ ರಸಾಯನಶಾಸ್ತ್ರ ನೊಬೆಲ್ ಬಂದಿದ್ದು ಈ ಕಣಗಳಿಗೇ. ಆದರೆ ಕ್ಯಾಡ್ಮಿಯಂ ವಿಷ. ಉಳಿದದ್ದನ್ನು ಸಿಂಕ್‌ಗೆ ಸುರಿಯಲೇಬಾರದು.

ಪ್ರಶ್ನೆ (ಕಬ್ಬು ಬೆಳೆಗಾರ, ಮಂಡ್ಯ): ಸರ್, ಬಿತ್ತನೆ ಕಬ್ಬಿನಲ್ಲಿ ಗ್ರಾಸಿ ಶೂಟ್ ರೋಗ ಇದೆಯಾ ಅಂತ ಗದ್ದೆಯಲ್ಲೇ ಟಾರ್ಚ್ ಹಿಡಿದು ನೋಡಬಹುದಾ?

ಉತ್ತರ: ಬರೀ ಟಾರ್ಚ್‌ನಿಂದ ಆಗಲ್ಲ ಯಜಮಾನರೇ. ಆ ರೋಗ ತರುವ ಫೈಟೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಡಿಎನ್‌ಎ ಕಬ್ಬಿನಲ್ಲಿ ತೀರಾ ಕಮ್ಮಿ ಇರುತ್ತದೆ. ಅದಕ್ಕೇ ಮೊದಲು ಪಿಸಿಆರ್‌ನಲ್ಲಿ (ಡಿಎನ್‌ಎಯ ಪ್ರತಿ ಮಾಡುತ್ತಾ ಹೋಗುವ ವಿಧಾನ) ಹೆಚ್ಚಿಸಿಕೊಳ್ಳಬೇಕು. ಪ್ರತಿ ಸುತ್ತಿಗೂ ದುಪ್ಪಟ್ಟಾದರೆ, ಒಂದು ಪ್ರತಿ 30 ಸುತ್ತಿನಲ್ಲಿ 100 ಕೋಟಿ ದಾಟುತ್ತದೆ. ಜೊತೆಗೆ ಎಲೆಯ ಹಸಿರು ತಾನೇ ಯುವಿಯಲ್ಲಿ ಕೆಂಪಗೆ ಹೊಳೆದು ದಾರಿ ತಪ್ಪಿಸುತ್ತದೆ. ಸದ್ಯಕ್ಕೆ ತೆಳ್ಳಗೆ, ಬಿಳಿಚಿಕೊಂಡು, ಹುಲ್ಲಿನಂತೆ ಗುಂಪಾಗಿ ಮೊಳೆತ ಬುಡ ಕಂಡರೆ ಕಿತ್ತುಹಾಕಿ, ಆ ಗದ್ದೆಯಿಂದ ಬಿತ್ತನೆಗೆ ಕಡಿಯಬೇಡಿ. ಅನುಮಾನ ಇದ್ದರೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ವಿಚಾರಿಸಿ.